ಇಟಲಿ ಪ್ಯಾಂಟಿನ ಏಳು ತಪ್ಪು

"ಈ ಪ್ಯಾಂಟಿನ ರೊಕ್ಕ ಪೈಸಾ ಪೈಸಾ ವಾಪಸ್ ತರಲಿಲ್ಲ ಅಂದ್ರ, ನಾನು ಕತ್ರಿ ಹಿಡಿಯೋದ ಬಿಟ್ಬಿಡ್ತೀನಿ!"

ಕೌಲ್ ಬಜಾರಿನ ಅರ್ಧ ಓಣಿಗೆ ಕೇಳುವಂತೆ ಕೈಸರ್ ಘೋಷಿಸಿದ. ಹೆಂಡತಿ ಅಸ್ಮಾ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಕತ್ತರಿ ಬಿಡುವ ಪ್ರತಿಜ್ಞೆಯನ್ನು ಅವನು ವರ್ಷಕ್ಕೆ ನಾಲ್ಕು ಸಲ ಮಾಡುತ್ತಿದ್ದ.

ಅದು ಬಳ್ಳಾರಿಯಲ್ಲಿ ಮಣ್ಣು ಅಗೆದವರೆಲ್ಲ ಸಾಹುಕಾರರಾದ ಕಾಲ. ಅಸ್ಮಾಳ ತಮ್ಮ ನಾಸಿರ್ ಕುರುಗೋಡಿನಲ್ಲಿದ್ದ ಅಂಗಡಿ ಮಾರಿ, ಅದಿರು ಹೊರಲು ಎರಡು ಟಿಪ್ಪರ್ ಇಟ್ಟಿದ್ದ. ಕಂಪ್ಯೂಟರಿನಲ್ಲಿ ಇಟಲಿ ಜೀನ್ಸ್ ತರಿಸಿ, ತೊಟ್ಟುಕೊಂಡು ಬಂದು, "ಬಾವ, ಬಳ್ಳಾರಿ ಪ್ಯಾಂಟು ಈಗ ಯಾರ್ ಹಾಕ್ಕೊಂತಾರ?" ಎಂದುಬಿಟ್ಟ. ಐದು ಮಿಷನ್ನಿನ ಜೀನ್ಸ್ ಕಾರ್ಖಾನೆಯ ಒಡೆಯನಿಗೆ, ಅದೂ ಅವನ ಮನೆಯಲ್ಲೇ! ಕೈಸರನ ಸಿಟ್ಟು ನೆತ್ತಿಗೇರಿತು. ಬ್ಯಾಂಕಿನವರು ಬಾಗಿಲಿಗೇ ಬಂದು ಕೊಟ್ಟುಹೋಗಿದ್ದ ಕ್ರೆಡಿಟ್ ಕಾರ್ಡನ್ನು ಹಿಡಿದು ಸೈಬರ್ ಸೆಂಟರಿಗೆ ಓಡಿದ. ಅಂಥದ್ದೇ ಪ್ಯಾಂಟು, ಎರಡೂವರೆ ಸಾವಿರಕ್ಕೆ!

"ಎರಡೂವರೆ ಸಾವ್ರಾ? ನನ್ನ ಮಿಷನ್ ಕಿರ್ ಕಿರ್ ಅಂತ ಅಳಾಕ ಹತ್ತಿ ಎರಡು ವರ್ಷ ಆತು," ಎಂದಳು ಅಸ್ಮಾ.

"ಸಾವ್ಕಾರ್ರಿಗೆ ಹೊಲಿದು ಕೊಟ್ಟ ಮುನ್ನೂರು ಪ್ಯಾಂಟಿನ ಕೂಲಿ ಬರ್ಲಿ, ನಿನಗ ಹೊಸ ಮಿಷನ್! ಮಾತಂದ್ರ ಮಾತು."

ಆ ಮುನ್ನೂರನ್ನೂ ಕೈಸರ್ ತಾನೇ ಕೂತು ಹೊಲಿದಿದ್ದ. ಅವನ ಕಾರ್ಖಾನೆಯಲ್ಲಿ ಒಂದು ಕಾನೂನಿತ್ತು. ಒಂದೊಂದು ಮಿಷನ್ನಿಗೆ ಒಂದೊಂದು ಬಣ್ಣದ ದಾರ. ಹೊಲಿದವರು ಒಳಜೇಬಿನ ಮೂಲೆಯಲ್ಲಿ ಅದರ ಗಂಟು ಹಾಕಲೇಬೇಕು. ಹೊಲಿಗೆ ಸೊಟ್ಟಗಾದರೆ ಕೈಸರ್ ಜೇಬು ತಿರುವಿ, "ಈ ಕೆಂಪು ದಾರ ಯಾರ್ದಲೇ?" ಎಂದು ಗುಡುಗುತ್ತಿದ್ದ. ಅವನದು ಹಸಿರು ದಾರ. ಅದನ್ನು ಮಾತ್ರ ಯಾರೂ ತಿರುವಿ ನೋಡುವಂತಿರಲಿಲ್ಲ.

ಇಟಲಿ ಪ್ಯಾಂಟು ಬಂತು. ಕೈಸರ್ ಟೇಪು ಹಿಡಿದು ಶವಪರೀಕ್ಷೆಗೆ ಕೂತ. ಎಡಜೇಬು ಸೊಟ್ಟ! ಸೊಂಟಪಟ್ಟಿ ಅರ್ಧ ಇಂಚು ಏರು! ಒಂದು ಕಾಲು ಉದ್ದ, ಒಂದು ಗಿಡ್ಡ! ಒಟ್ಟು ಏಳು ತಪ್ಪು. ಅವನಿಗಾದ ಆನಂದವನ್ನು ಏನೆಂದು ಹೇಳುವುದು!

"ಇಟಲಿಯವ್ರಿಗೆ ಹೊಲಿಯಾಕ ಬರಂಗಿಲ್ಲ ಅಂತ ನನಗ ಮೊದ್ಲ ಗೊತ್ತಿತ್ತು!"

"ಒಳಜೇಬು ಒಮ್ಮೆ ತಿರುವಿ ನೋಡ್ರಿ," ಎಂದಳು ಅಸ್ಮಾ.

"ಫಾರಿನ್ ಮಾಲು ನಿನಗೇನ್ ತಿಳೀತೈತಿ? ಸುಮ್ನಿರು!"

ಕಂಪನಿಗೆ ಫೋನು ಮಾಡಿದರೆ ಬರೀ ಸಂಗೀತ. ನಲವತ್ತು ನಿಮಿಷ ಕೇಳಿದ ಮೇಲೆ ಒಬ್ಬಳು, "ಮಾಲು ವಾಪಸ್ ತಗೊಳ್ಳಲ್ಲ ಸರ್," ಎಂದು ಇಟ್ಟುಬಿಟ್ಟಳು. ಗ್ರಾಹಕನೆಂದರೆ ದೊರೆ! ದೊರೆ ಓಣಿಗೆ ಕೇಳುವಂತೆ ಆ ಕತ್ತರಿಯ ಪ್ರತಿಜ್ಞೆ ಮಾಡಿ, ನೇರವಾಗಿ ಬ್ಯಾಂಕಿಗೆ ದಂಡೆತ್ತಿ ಹೋದ.

ಅಲ್ಲಿನ ಅಧಿಕಾರಿ ಹೊನ್ನೂರಪ್ಪ ಸಮಾಧಾನದ ಮನುಷ್ಯ. "ತಕರಾರು ಅರ್ಜಿ ತುಂಬ್ರಿ, ಕೈಸರ್ ಸಾಹೇಬ್ರ. ನಿಮ್ಮ ಮಾತು ಖರೇ ಆದ್ರ ಆ ರೊಕ್ಕ ಕಂಪ್ನಿ ಕಡಿಂದ ನಾವ ವಾಪಸ್ ತರಸ್ತೀವಿ. ಮೂವತ್ತು ದಿನ ಹಿಡೀತೈತಿ. ಮಾಲಿನಾಗ ತಪ್ಪೈತಿ ಅಂತ ಕಸಬು ತಿಳಿದಾವ್ರು ಬರ್ದು ಕೊಡ್ಬೇಕ್ರಿ."

"ತಿಳಿದಾವ್ರು ನಿಮ್ಮ ಮುಂದ ಕುಂತಾರಲ್ರಿ!"

ಏಳು ತಪ್ಪನ್ನೂ ನಂಬರು ಹಾಕಿ ಬರೆದ. ಕೈ ನಿಲ್ಲಲಿಲ್ಲ. ಕೊನೆಗೆ, 'ಇದನ್ನು ಹೊಲಿದವನು ದರ್ಜಿಯೇ ಅಲ್ಲ, ಗೋಣಿಚೀಲ ಹೊಲಿಯುವವನು' ಎಂದೂ ಸೇರಿಸಿ, ತನ್ನ ಕಾರ್ಖಾನೆಯ ಸೀಲು ಗುದ್ದಿದ.

ತಿಂಗಳಿಗೆ ಸರಿಯಾಗಿ ರೊಕ್ಕ ವಾಪಸ್ ಬಂತು! ಓಣಿಗೆಲ್ಲ ಮಿರ್ಚಿ, ಮಂಡಕ್ಕಿ ಒಗ್ಗರಣೆ. ನಾಸಿರನನ್ನು ಕರೆಸಿ ಎರಡು ಸಲ ಬಡಿಸಿದ, ಮೂರು ಸಲ ಕಥೆ ಹೇಳಿದ.

ಮುಂದಿನ ವಾರ ಕಾರ್ಖಾನೆ ಮುಂದೆ ಎರಡು ಆಟೋ ನಿಂತವು, ತುಂಬ ಪ್ಯಾಂಟಿನ ಗಂಟು. ಇಳಿದವರು ವಿರೂಪಾಕ್ಷಪ್ಪ. ಕೈಸರನಿಗೆ ಬಟ್ಟೆ ಕೊಟ್ಟು, ಹೊಲಿಸಿಕೊಂಡು, ಮುಂಬೈಗೆ ಕಳಿಸುವ ಸಾಹುಕಾರರು.

"ಕೈಸರ್, ನಿನ್ನ ಮುನ್ನೂರರಾಗ ಇನ್ನೂರಾ ಎಂಬತ್ತು ವಾಪಸ್ ಬಂದಾವು ನೋಡಪಾ."

"ಯಾಕ್ರೀ ಸಾವ್ಕಾರ್ರ? ಅಂಥಾ ಹೊಲಿಗಿ!"

"ಯಾವನೋ ಪಂಡಿತ ಕಾಗದ ಬರ್ದಾನ. ಕಂಪ್ನಿಯವ್ರು ಹೆದರಿ ಹಿಂದಕ್ಕ ಕಳಿಸ್ಯಾರ."

"ಯಾವ ಕಂಪ್ನಿರಿ?"

"ಅದಽ, ನಿನ್ನ ಪ್ಯಾಂಟು ತೊಳಿಸಿ, ಬಣ್ಣ ತಿಳಿ ಮಾಡಿಸಿ, ಇಟಲಿ ಚೀಟಿ ಹಚ್ಚಿ ಕಂಪ್ಯೂಟರಿನಾಗ ಮಾರ್ತಾರಲ್ಲ, ಅವ್ರು." ಸಾಹುಕಾರರು ಜೇಬಿನಿಂದ ಆ ಕಾಗದ ತೆಗೆದು, ಕನ್ನಡಕ ಏರಿಸಿ ಓದಿದರು. "'ದರ್ಜಿಯೇ ಅಲ್ಲ, ಗೋಣಿಚೀಲ ಹೊಲಿಯುವವನು.' ಕೆಳಗ ಸೀಲು ಯಾರ್ದೈತಿ, ನೀನ ಓದು."

ಅಸ್ಮಾ ಎದ್ದು ಬಂದು ಒಂದು ಗಂಟು ಬಿಚ್ಚಿದಳು. ಒಂದರ ಜೇಬು ತಿರುವಿದಳು, ಇನ್ನೊಂದರದು ತಿರುವಿದಳು.

"ಈ ಹಸಿರು ದಾರ ಯಾರ್ದ್ರೀ?"

ಉಳಿದ ಮೂರು ಮಿಷನ್ನುಗಳೂ ಒಮ್ಮೆಗೇ ನಿಂತವು. ಕೆಂಪು ದಾರದ ಉಚ್ಚೆಂಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಏಳೂ ತಪ್ಪು ತಿದ್ದಿದ್ರ ಕೂಲಿ, ಇಲ್ಲಂದ್ರ ಇಲ್ಲ," ಎಂದರು ಸಾಹುಕಾರರು. "ಮತ್ತ ತಿದ್ದಿದ್ದನ್ನ ತಿಳಿದಾವ್ರು ನೋಡಿ ಸೀಲು ಹಾಕ್ಬೇಕು."

ಕೈಸರ್ ಸೀಲಿಗೆ ಕೈಚಾಚಿದ. ಅದು ಆಗಲೇ ಅಸ್ಮಾಳ ಮುಷ್ಟಿಯಲ್ಲಿತ್ತು. ಅವಳು ಅವನ ಮಿಷನ್ನಿನ ಮುಂದೆ ಹಾಯಾಗಿ ಕೂತು, ತನ್ನ ಹಳೆಯದನ್ನು ತೋರಿಸಿದಳು. "ಹೊಸಾದು ಬರೋತನಕ ನೀವು ಅದರ ಮುಂದ ಕುಂಡ್ರಿ."

ಕಿರ್ ಕಿರ್ ಎನ್ನುವ ಮಿಷನ್ನಿನೊಂದಿಗೆ ಗುದ್ದಾಡಿ, ಬೆವರಿಳಿಸಿ, ಕೈಸರ್ ಮೊದಲನೆಯ ಪ್ಯಾಂಟು ತಿದ್ದಿ ಮುಂದಿಟ್ಟ. ಅಸ್ಮಾ ಟೇಪು ಹಿಡಿದಳು, ಜೇಬು ತಿರುವಿದಳು, ಪ್ಯಾಂಟನ್ನು ಅವನ ಮಡಿಲಿಗೇ ಎಸೆದಳು.

"ವಾಪಸ್!"

"ಅಯ್ಯೋ, ಏನು ತಪ್ಪೈತೆ?"

"ತಕರಾರು ಅರ್ಜಿ ತುಂಬ್ರಿ," ಎಂದಳು ಅಸ್ಮಾ. "ಮೂವತ್ತು ದಿನದಾಗ ಹೇಳ್ತೀನಿ."