ಮಾವನ ಹಡಗು ಕೆರೆಗಿಳಿದದ್ದು

ನಮ್ಮ ಸೋದರಮಾವನ ಹಡಗು ನೀರಿಗಿಳಿದದ್ದು ಒಂದು ಭಾನುವಾರ ಬೆಳಗ್ಗೆ ಹತ್ತೂಕಾಲಿಗೆ. ಎಲ್ಲ ಕೆಡಲು ಶುರುವಾದದ್ದೂ ಆಗಲೇ. ಹೌದು, ಹಡಗು! ಸಮುದ್ರದ ಮುಖವನ್ನೇ ನೋಡದೆ ಹಡಗಿನ ಯಜಮಾನರಾದವರು ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಅವರೊಬ್ಬರೇ.

ಯುದ್ಧದ ಕಾಲ. ಮಾವನ ಒಬ್ಬನೇ ಮಗ ಮಿಲಿಟರಿ ಸೇರಿ ಬೊಂಬಾಯಿಯಲ್ಲಿ ಹಡಗು ಹತ್ತಿದ್ದ. ಆಮೇಲೆ ಸುದ್ದಿಯಿಲ್ಲ. ಅಂದಿನಿಂದ ಮಾವ ಒಂದು ಕಡೆ ಕೂತವರಲ್ಲ. ಹಿಪ್ಪುನೇರಳೆ ತೋಟಕ್ಕೆಂದು ಹೊರಟವರು ಅಂಗಡಿಬೀದಿಯಲ್ಲಿರುತ್ತಿದ್ದರು. ಊಟಕ್ಕೆ ಕೂತವರು ಸಾರು ಬಡಿಸುವಷ್ಟರಲ್ಲಿ ಜಗಲಿ ಸೇರಿರುತ್ತಿದ್ದರು. ಆಗಲೇ ಚಿನ್ನದ ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ಮನೆ ಸಾಮಾನನ್ನು ಹರಾಜಿಗಿಟ್ಟ. ಬೀರು ತರುತ್ತೇನೆಂದು ಹೋದ ಮಾವ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಒಳಗೆ ಮರದ ಚಕ್ಕೆ, ಕಡ್ಡಿ. ಜೋಡಿಸಿದರೆ ಮೊಳದುದ್ದದ ಹಾಯಿಹಡಗು.

"ಇದರಲ್ಲಿ ಸೀರೆ ಎಲ್ಲಿಡಲಿ?" ಎಂದರು ಅತ್ತೆ.

ಜೊತೆಗಿದ್ದ ಇಂಗ್ಲಿಷ್ ವಿವರಣೆ ಓದುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಬಿ.ಎ. ಓದಿದವನು ನಾನೊಬ್ಬನೇ ತಾನೆ? ಆದರೆ ಹಡಗಿನ ಒಂದು ಭಾಗದ ಹೆಸರೂ ನನಗೆ ಅರ್ಥವಾಗಲಿಲ್ಲ. ಮಾವ ಕಾಯುವವರೇ! ಎಲ್ಲವನ್ನೂ ಎತ್ತಿನ ಬಂಡಿಯ ಭಾಷೆಗೆ ತಿರುಗಿಸಿಕೊಂಡರು. ತಳದ ಉದ್ದ ಮರ ಮೂಕಿ, ಹಾಯಿ ಕಟ್ಟುವ ಅಡ್ಡಕಡ್ಡಿ ನೊಗ. ಹಗ್ಗಕ್ಕೆ ರೇಷ್ಮೆ ನೂಲು, ಹಾಯಿಗೆ ತಮ್ಮದೇ ಹಳೆಯ ಪಂಚೆ. ನೋಡಬಂದ ನೆರೆಯವರು, ಎತ್ತು ಯಾವ ಕಡೆ ಕಟ್ಟುತ್ತೀರಿ ಎಂದು ವಿನಯದಿಂದಲೇ ಕೇಳಿದರು.

ಅಂಟಿನದು ಬೇರೆ ರಾಮಾಯಣ. ಪೆಟ್ಟಿಗೆಯಲ್ಲಿ ಬಂದದ್ದು ಒಣಗಿ ಕಲ್ಲಾಗಿತ್ತು. ಬಡಗಿಗಳು ಕಾಯಿಸುವ ಅಂಟು ಚರ್ಮದ್ದು. ಅದು ಹೊಸಿಲು ದಾಟಿ ಒಳಗೆ ಬಂದರೆ ತಾನು ಹೊಸಿಲು ದಾಟಿ ತವರಿಗೆ ಹೊರಡುವುದಾಗಿ ಅತ್ತೆ ತಿಳಿಸಿದರು. ಕೊನೆಗೆ ಮಾವ ರಾಗಿಗಂಜಿಯನ್ನೇ ಗಟ್ಟಿಯಾಗಿ ಕಾಯಿಸಿ ಬಳಿದರು. ಗಾಳಿಪಟಕ್ಕೆ ಅಂಟುವುದು ಹಡಗಿಗೆ ಅಂಟದೇ? ಅಂಟಿತು, ಕಲ್ಲಿನ ಹಾಗೆ! ಆದರೆ ಹಡಗು ಬಿಡುವುದು ನೀರಿನಲ್ಲಿ ಎಂಬ ಸಣ್ಣ ವಿಷಯ ಅವರಿಗೂ ಹೊಳೆಯಲಿಲ್ಲ, ನನ್ನ ಬಿ.ಎ.ಗೂ ಹೊಳೆಯಲಿಲ್ಲ.

ದೇವರಾಯಸಮುದ್ರದ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಹೊಸ ಬಂಡಿಗೆ ಮಾಡುವಂತೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ, ಮಾವ ಹಡಗನ್ನು ಬಿಟ್ಟರು. ಗಾಳಿಗೆ ಅದು ಸೊಗಸಾಗಿಯೇ ಹೋಯಿತು. ಅಷ್ಟರಲ್ಲಿ ಒಂದು ಹಲಗೆ ಬಿಚ್ಚಿಕೊಂಡಿತು. ಹಿಂದೆಯೇ ಇನ್ನೊಂದು. ಹಡಗು ವಾಲಿತು.

ಈಜು ಬಾರದ ಮಾವ ನೀರಿಗೆ ನುಗ್ಗಿದರು. ಸೊಂಟದವರೆಗೆ, ಕತ್ತಿನವರೆಗೆ, ಆಮೇಲೆ ಮಾವನೇ ಇಲ್ಲ. ನಾನೇನು ಮಾಡಿದೆ? ನಿಂತಿದ್ದೆ. ವಸ್ತುಗಳು ಏಕೆ ತೇಲುತ್ತವೆ ಎಂಬ ಸೂತ್ರ ನನಗೆ ಬಾಯಿಪಾಠ, ತೇಲುವುದು ಮಾತ್ರ ಬರುತ್ತಿರಲಿಲ್ಲ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅಗಸ, ಒದ್ದೆ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಧುಮುಕಿದ. ಅವನ ಹೆಂಡತಿ ಇನ್ನೊಂದು ತುದಿ ಹಿಡಿದು ಇಬ್ಬರನ್ನೂ ದಡಕ್ಕೆಳೆದಳು. ಎಳೆಯುತ್ತಲೇ ತೆಲುಗಿನಲ್ಲಿ ಮಾವನ ವಂಶವನ್ನೆಲ್ಲ ವಿಚಾರಿಸಿಕೊಂಡಳು. ಈಗಲೂ ಸ್ನಾನಕ್ಕೆ ಕೂತು ತಲೆಗೆ ನೀರು ಹಾಕಿಕೊಂಡರೆ, ಮುಚ್ಚಿದ ಕಣ್ಣಿಗೆ ಆ ಖಾಲಿ ನೀರು ಕಾಣುತ್ತದೆ. ತಂಬಿಗೆ ಕೆಳಗಿಟ್ಟು ಕಣ್ಣು ಬಿಡುತ್ತೇನೆ.

ಮಾವ ಕುಡಿದ ನೀರನ್ನೆಲ್ಲ ಕಾರಿಕೊಂಡು ಎದ್ದು ಕೂತರು. ಬಯ್ಯಲೆಂದು ನಾನು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಲೇ, ಒಳಗೆ ಹೋದ್ಮೇಲೆ ಕಾಲಿಗೆ ನೆಲ ಸಿಕ್ತು ಕಣೋ. ಸಮುದ್ರಕ್ಕೂ ನೆಲ ಇರತ್ತಾ?"

"ಇರತ್ತೆ ಮಾವ."

"ಕಾಲಿಗೆ ಸಿಗತ್ತಾ?"

ನಾನು ಟವೆಲಿನಿಂದ ಅವರ ತಲೆ ಒರೆಸತೊಡಗಿದೆ. ಬಹಳ ಹೊತ್ತು ಒರೆಸಿದೆ.

ಯುದ್ಧ ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಮಗ ಬಂದ, ಸಣಕಲಾಗಿ, ಕಪ್ಪಾಗಿ. ಮಾವ ಅವನನ್ನು ಏನೂ ಕೇಳಲಿಲ್ಲ. ಅವನು ಮಲಗಿದ ಕಡೆಯೇ ತಮ್ಮ ಚಾಪೆಯನ್ನೂ ಎಳೆದುಕೊಂಡು, ದೀಪ ಹಚ್ಚುವ ಹೊತ್ತಿಗೇ ಮಲಗಿಬಿಟ್ಟರು. ಮರುದಿನ ಬಿಸಿಲು ನಡುಮನೆಗೆ ಬಂದರೂ ಇಬ್ಬರೂ ಏಳಲಿಲ್ಲ. ಸದ್ದಾದೀತೆಂದು ಅತ್ತೆ ಅಂದು ಅಂಗಳವನ್ನೇ ಗುಡಿಸಲಿಲ್ಲ.