ಹಿಂದಕ್ಕೆ ನೋಡುವ ಗಿಣಿ

ನನಗೊಂದು ಕೆಟ್ಟ ಚಟವಿದೆ. ನಶ್ಯವಲ್ಲ, ಎಲೆಯಡಿಕೆಯೂ ಅಲ್ಲ. ಹಳೆಯದನ್ನು ನೆನಪಿಟ್ಟುಕೊಳ್ಳುವ ಚಟ. ನೆನಪಿಟ್ಟುಕೊಂಡು ತೆಪ್ಪಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಎದುರಿಗಿರುವವನಿಗೆ ನೆನಪಿಲ್ಲವೆಂದು ನಾಲ್ಕು ಜನರ ಮುಂದೆ ತೋರಿಸಿಕೊಡದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ವಯಸ್ಸಾದವರಿಗೆ ಉಳಿದಿರುವ ಸುಖ ಇದೊಂದೇ ನೋಡಿ. ಹಲ್ಲು ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ. ಆದರೆ ನಲವತ್ತು ವರ್ಷದ ಹಿಂದೆ ಕೆರೆ ಕೋಡಿ ಬಿದ್ದದ್ದು ಯಾವ ವಾರ ಎಂದು ಕೇಳಿದರೆ ಥಟ್ಟನೆ ಹೇಳಿಬಿಡುತ್ತೇವೆ. ಯಾರೂ ಕೇಳುವುದಿಲ್ಲ, ಅಷ್ಟೇ.

ನಾನು ನಾಗಮಂಗಲದ ಅಕ್ಕಸಾಲಿ. ಪಕ್ಕದ ಕುಲುಮೆ ಕಾಳಾಚಾರಿಯದು. ಕಬ್ಬಿಣ ಬಡಿದು ಬಡಿದು ಅವನ ಕಿವಿ ಅರ್ಧ ಹೋಗಿದೆ, ಬಾಯಿ ಮಾತ್ರ ಪೂರ್ತಿ ಇದೆ. ಸಂಜೆ ಕೆಲಸ ಮುಗಿದ ಮೇಲೆ ನಮ್ಮಿಬ್ಬರದು ಒಂದು ಆಟ. ಒಬ್ಬ ಹಳೆಯ ಸಂಗತಿಯೊಂದನ್ನು ಕೇಳಬೇಕು, ಇನ್ನೊಬ್ಬ ಹೇಳಬೇಕು. ತಿಳಿಯದಿದ್ದರೆ ಬಾಯಿಬಿಟ್ಟು 'ಸೋತೆ' ಅನ್ನಬೇಕು. ಶ್ರೀರಂಗಪಟ್ಟಣದ ಸುಲ್ತಾನರ ದೊರೆತನ ಊರುಗಳಿಗೆ ಹೊಸ ಹೆಸರಿಟ್ಟಿತು, ತಿಂಗಳುಗಳಿಗೂ ಇಟ್ಟಿತು, ಅಳತೆಗಳನ್ನೂ ಬದಲಾಯಿಸಿತು. ಅಲ್ಲಿಂದ ನಮ್ಮ ಆಟಕ್ಕೆ ಸುಗ್ಗಿಯೋ ಸುಗ್ಗಿ. ಹಳೆಯ ಹೆಸರುಗಳೆಲ್ಲ ನಮ್ಮ ಬಾಯಲ್ಲಿ ಮಾತ್ರ ಉಳಿದಿದ್ದವು.

"ಪಾಲಹಳ್ಳಿ ಗಾಣದ ಕುಲ್ಡೆತ್ತಿನ ಎಸ್ರು ಏನ್ಲಾ?" ಎಂದು ನಾನು ಕೇಳಿದೆ ಒಂದು ದಿನ.

"ಬಸ್ವ," ಎಂದ ಕಾಳಾಚಾರಿ.

"ಎಲ್ಲಾ ಎತ್ತೂ ಬಸ್ವನೇ ಕಣ್ಲಾ! ಸರ್ಯಾಗಿ ಯೋಳು."

ಅವನು ಹೊತ್ತು ಮುಳುಗುವವರೆಗೂ ತಲೆ ಕೆರೆದುಕೊಂಡು ಸೋತೆ ಅಂದ. ಮಲ್ಲಿಗೆ ಎಂದೆ ನಾನು. ಗಾಣದವನ ಹೆಂಡತಿ ಇಟ್ಟ ಹೆಸರದು. ಆ ರಾತ್ರಿ ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಒಡವೆಯ ವಿಷಯಕ್ಕೆ ಬಂದರಂತೂ ನನ್ನನ್ನು ಹಿಡಿಯುವವರಿರಲಿಲ್ಲ. ನನ್ನ ಕೈಯಿಂದ ಹೋದ ಮೂಗುಬೊಟ್ಟು, ಓಲೆ, ಬುಗುಡಿ ಯಾವುದನ್ನೇ ತೋರಿಸಿ, ಯಾರ ಮದುವೆಗೆ, ಯಾವ ಊರಿಗೆ, ಬೀಗರು ಏನೆಂದು ಗೊಣಗಿದರು ಎಂಬುದನ್ನೂ ಸೇರಿಸಿ ಹೇಳುತ್ತಿದ್ದೆ. ಈ ಹೆಮ್ಮೆಯೇ ನನ್ನನ್ನು ಹಾಳುಮಾಡಿದ್ದು.

ಈ ಬೇಸಿಗೆಯಲ್ಲಿ ಇಂಗ್ರೇಜಿ ಟೋಪಿಯವರ ದಂಡು ಶ್ರೀರಂಗಪಟ್ಟಣದ ಕೋಟೆ ಒಡೆಯಿತು. ಒಳಗೆ ಏನೇನಾಯಿತು ಎಂಬುದನ್ನು ತಪ್ಪಿಸಿಕೊಂಡು ಬಂದವರು ಹೇಳುತ್ತಿದ್ದರು. ಅರ್ಧ ಹೇಳಿ ಎದ್ದು ಹೋಗುತ್ತಿದ್ದರು. ನನ್ನ ಒಬ್ಬಳೇ ತಂಗಿ ಗೌರಿಯನ್ನು ಕೊಟ್ಟಿರುವುದು ಆ ಕೋಟೆಯೊಳಗಿನ ಬಡಗಿಯ ಮನೆಗೆ. ಅವಳ ಸುದ್ದಿಯಿರಲಿಲ್ಲ. ಹಿರೋಡೆಯ ದಾರಿಯಲ್ಲಿ ಬಂದವರನ್ನೆಲ್ಲ ನಿಲ್ಲಿಸಿ ಕೇಳಿದೆ. ಕೆಲವರು ಸತ್ತವರ ಲೆಕ್ಕ ಹೇಳಿದರು, ಕೆಲವರು ನೀರು ಕೇಳಿದರು. ಗೌರಿಯನ್ನು ಕಂಡೆ ಎಂದವರು ಒಬ್ಬರೂ ಇಲ್ಲ.

ಹಾಗಿರುವಾಗ ದಂಡಿನ ಹಿಂದೆ ಸುತ್ತುವ ವ್ಯಾಪಾರಿಯೊಬ್ಬ ಒಂದು ಗಂಟು ಒಡವೆ ತಂದು, ಕರಗಿಸಿ ಗಟ್ಟಿ ಮಾಡಿಕೊಡು ಎಂದ. ಎಲ್ಲಿಂದ ಬಂದವು ಎಂದು ಕೇಳುವ ಕಾಲವಲ್ಲ. ಗಂಟು ಬಿಚ್ಚಿದರೆ ಎಲ್ಲದರ ಮೇಲೆ ಒಂದು ಬುಗುಡಿ, ಒಂಟಿ. ಕಿವಿಯ ಮೇಲಂಚಿಗೆ ಸಿಕ್ಕಿಸುವ ಅದರ ಕೊಕ್ಕೆ ನೆಟ್ಟಗಾಗಿತ್ತು. ಬಿಚ್ಚಿ ತೆಗೆದದ್ದಲ್ಲ, ಎಳೆದದ್ದು. ಅದರಲ್ಲಿ ಒಂದು ಗಿಣಿ, ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು.

ಬೇರೆ ಯಾರೇ ಆಗಿದ್ದರೂ ಆಗ ಕಣ್ಣೀರು ಹಾಕುತ್ತಿದ್ದರು. ನಾನು ಕಾಳಾಚಾರಿಯನ್ನು ಕೂಗಿದೆ. "ಬಾರ್ಲಾ, ಯಾರ್ದು ಯೋಳು ನೋಡನ!"

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ನನಗೆ ತಾಳ್ಮೆಯೆಲ್ಲಿ? ನಾನೇ ಹೇಳಿಬಿಟ್ಟೆ. ದೇವಲಾಪುರದ ಮರೀಗೌಡರ ಮಗಳು ನಿಂಗಮ್ಮನ ಮದುವೆಗೆ ಮಾಡಿದ್ದು. ಗಿಣಿ ಮುಂದಕ್ಕೆ ನೋಡಬೇಕಿತ್ತು, ನಾನು ಅಚ್ಚು ತಿರುಗಾಮುರುಗಾ ಇಟ್ಟೆ. ಗೌಡರು ಬೈದರು, ಹುಡುಗಿಗೆ ಹಿಡಿಸಿತು. ಅವಳನ್ನು ಕೊಟ್ಟಿದ್ದೂ ಪಟ್ಟಣಕ್ಕೇ.

"ಇನ್ನೊಂದ್ಸಾರಿ ನೋಡಣ್ಣೋ," ಎಂದ ಕಾಳಾಚಾರಿ.

"ನೋಡಾದೇನೈತೆ? ಸೋತೆ ಅನ್ನು."

ಅವನು ನನ್ನ ಮುಖ ನೋಡಿದ. "ಸೋತೆ ಬುಡು," ಎಂದ.

ಕೂಲಿಗೆ ಬದಲು ಆ ಬುಗುಡಿಯನ್ನೇ ಇಟ್ಟುಕೊಂಡು ಮರುದಿನ ದೇವಲಾಪುರಕ್ಕೆ ನಡೆದೆ. ಸಂಕಟ ಹಂಚಿಕೊಳ್ಳಲು ಹೋದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜವಾಗಿ ಹೋದದ್ದು ನನ್ನ ನೆನಪನ್ನು ಮೆರೆಸಲು. ಗೌಡರು ಬುಗುಡಿಯನ್ನು ಮುಟ್ಟಲಿಲ್ಲ. "ಆಚಾರೇ, ನಿಂಗೆ ಕಂಡಿತಾ ಗೊತ್ತಾ?" ಎಂದು ಮೂರು ಸಲ ಕೇಳಿದರು. "ನಾನ್ ಮಾಡಿದ್ದು ನಂಗೆ ಗೊತ್ತಾಗಕಿಲ್ವಾ ಗೌಡ್ರೆ?" ಎಂದು ಮೂರು ಸಲವೂ ಹೇಳಿದೆ. ಗೌಡತಿ ಒಳಗಿನಿಂದ ಕೂಗಿದ ಕೂಗು ಈಗಲೂ ಕೇಳುತ್ತದೆ.

ಹುಡುಗಿಯ ಗಂಡನ ಮನೆಯವರ ಸುಳಿವೂ ಇರಲಿಲ್ಲವಾದ್ದರಿಂದ ತೌರಿನವರೇ ಹುಲ್ಲಿನ ಬೊಂಬೆ ಮಾಡಿ ಮಣ್ಣು ಮಾಡಿದರು, ಹನ್ನೊಂದನೆಯ ದಿನ ತಿಥಿ ಮಾಡಿದರು. ನನಗೂ ಕರೆ ಬಂತು. ನಾವು ಆಚಾರಿಗಳು ಗೌಡರ ಮನೆಯಲ್ಲಿ ಉಣ್ಣುವವರಲ್ಲ, ಹಾಗಾಗಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಪಡಿ ಕೊಟ್ಟು ಕಳಿಸಿದರು. ಬುಗುಡಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಲಾರೆವೆಂದು ಹಿಂದಕ್ಕೆ ಕೊಟ್ಟರು. ಆ ಬೆಲ್ಲದಲ್ಲಿ ನನ್ನ ಹೆಂಡತಿ ಪಾಯಸ ಮಾಡಿದಳು. ಬಡಿಸುತ್ತಾ, "ಗೌರಿಗೆ ಪಾಯ್ಸ ಅಂದ್ರೆ ಪ್ರಾಣ. ಎಲ್ಲವ್ಳೋ," ಎಂದಳು. "ಬತ್ತಾಳೆ ಬುಡು. ಗಿಣಿ ಬಂದಿರಾದು ಅವ್ರ ಮನೇದು, ನಮ್ದಲ್ವಲ್ಲ," ಎಂದು ಇನ್ನೊಂದು ಸಲ ಬಡಿಸಿಕೊಂಡೆ. ಪಾಯಸ ಚೆನ್ನಾಗಿತ್ತು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಮರೀಗೌಡರು ನಿಂತಿದ್ದರು. ಅವರ ಹಿಂದೆ ನಿಂಗಮ್ಮ ನಿಂತಿದ್ದಳು.

ಕೋಟೆಗೆ ಗುಂಡು ಬೀಳುವ ಮೊದಲೇ ಗಂಡ, ಅತ್ತೆಯೊಂದಿಗೆ ಹೊರಟಿದ್ದಳಂತೆ. ಅತ್ತಿಕುಪ್ಪೆಯಲ್ಲಿ ಅತ್ತೆಗೆ ಜ್ವರ ಹಿಡಿದು, ದಾರಿಯೆಲ್ಲ ದಂಡು ತುಂಬಿ, ಅಲ್ಲೇ ಸಿಕ್ಕಿಬಿದ್ದರಂತೆ. ತೌರಿಗೆ ಬಂದರೆ ಹೆತ್ತ ತಾಯಿಯೇ ದೆವ್ವವೆಂದು ಪೊರಕೆ ಹಿಡಿದು ಬಂದಳಂತೆ. ಒಳಗೆ ಬಿಟ್ಟುಕೊಳ್ಳಬಹುದೋ ಬಾರದೋ ಎಂದು ಊರ ಹಿರಿಯರು ಅರ್ಧ ದಿನ ಮಾತಾಡಿದರಂತೆ, ಅವಳು ಬಾಗಿಲಲ್ಲೇ ನಿಂತಿದ್ದಳಂತೆ.

"ನನ್ ತಿಥಿಗೆ ವಡೆ ಮಾಡ್ಸಿದ್ರಂತೆ ಆಚಾರಪ್ಪ," ಎಂದಳು. "ನಾನಿದ್ದಾಗ ಒಂದಿನಾನೂ ಮಾಡ್ಸ್ನಿಲ್ಲ."

ಗೌಡರು ನಗಲಿಲ್ಲ. ನಾನು ನಗಲು ಹೋಗಿ ನಿಲ್ಲಿಸಿದೆ. ಅವಳು ಸೆರಗು ಸರಿಸಿ ಒಂದು ಕಿವಿ ತೋರಿಸಿದಳು, ಇನ್ನೊಂದು ಕಿವಿ ತೋರಿಸಿದಳು. ಎರಡರಲ್ಲೂ ಗಿಣಿಗಳು ಹಿಂದಕ್ಕೆ ನೋಡುತ್ತಾ ಕೂತಿದ್ದವು.

"ನನ್ನವು ಎಲ್ಡೂ ಇಲ್ಲೇ ಅವೆ. ಅದ್ಯಾರ್ದು ಮತ್ತೆ?"

ಪಕ್ಕದಲ್ಲಿ ಕಾಳಾಚಾರಿ ತಿದಿ ಒತ್ತತೊಡಗಿದ. ಕುಲುಮೆಯಲ್ಲಿ ಬೆಂಕಿಯೇ ಇರಲಿಲ್ಲ.

ಆಗ ನೆನಪಾಯಿತು. ನಿಂಗಮ್ಮನ ಮದುವೆಯ ವರ್ಷವೇ ಹಬ್ಬಕ್ಕೆಂದು ಬಂದಿದ್ದ ಗೌರಿ ಇದೇ ಜಗಲಿಯ ಮೇಲೆ ಕೂತು, "ಅಣ್ಣಾ, ನಂಗೂ ಅಂಥವೇ ಬೇಕು. ಮುಂದಕ್ ನೋಡೋ ಗಿಣಿ ಎಲ್ಲಾರ್ತಾವೂ ಅವೆ," ಎಂದು ಹಟ ಹಿಡಿದಿದ್ದಳು. ಮೊದಲಿನ ಅಚ್ಚು ಸವೆದಿತ್ತು. ಹೊಸ ಅಚ್ಚು ಮಾಡಿಕೊಟ್ಟವನು ಕಾಳಾಚಾರಿ. ನಾನು ಎರಡು ಜೊತೆ ಮಾಡಿದ್ದೆ, ಎರಡೇ ಜೊತೆ.

ಕುರುಡೆತ್ತಿನ ಹೆಸರು ನೆನಪಿದ್ದವನಿಗೆ ಇದು ಹೇಗೆ ಮರೆಯಿತು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಮರೆತದ್ದಲ್ಲ ಎಂದೇ ನನಗೀಗ ಅನ್ನಿಸುತ್ತದೆ. ನಮ್ಮ ಮನೆಗೆ ಬಂದ ಸಾವನ್ನು ನಾನು ವಿಳಾಸ ತಿದ್ದಿ ದೇವಲಾಪುರಕ್ಕೆ ಕಳಿಸಿದೆ. ಕಾಲುನಡಿಗೆಯಲ್ಲಿ, ನಾನೇ ಹೊತ್ತುಕೊಂಡು ಹೋಗಿ. ತಾನು ಕೊರೆದ ಅಚ್ಚಿನ ಗುರುತು ಹಿಡಿದ ಕಾಳಾಚಾರಿಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸೋತೆ ಅಂದ. ಈಗ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂರುತ್ತೇವೆ, ಯಾರೂ ಏನನ್ನೂ ಕೇಳುವುದಿಲ್ಲ.

ಹೆಂಡತಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅತ್ತು ಸಮಾಧಾನವಾದ ಮೇಲೆ, ಗೌರಿಯ ತಿಥಿ ಯಾವತ್ತು ಎಂದು ಕೇಳುತ್ತಾಳೆ. ಏನೆಂದು ಹೇಳಲಿ? ಆಗಿಹೋಯಿತು ಕಣೇ, ಪಾಯಸ ನಾನೇ ಉಂಡಿದ್ದೇನೆ, ಎರಡು ಸಲ ಬಡಿಸಿಕೊಂಡು.