ತೆಂಗಿನಕಾಯಿ ಹೊತ್ತು ಓಡಿದ ಮುದುಕ

ನಮ್ಮ ಪಕ್ಕದ ಮನೆಯ ಮುದುಕನಿಗೆ ತಲೆ ಕೆಟ್ಟಿದೆ ಎಂದು ಅಮೆರಿಕದ ಎವರ್‌ಗ್ರೀನ್ ಬಡಾವಣೆಯ ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ಸರಿ ಇರಬೇಕಲ್ಲ! ಕಾಲೇಜಿನಲ್ಲಿ ತೊಗಲಿನ ಟೋಪಿ ಹಾಕಿಕೊಂಡು ಫುಟ್‌ಬಾಲು ಆಡಿ, ಎದುರಿನವರಿಗೆ ಡಿಕ್ಕಿ ಹೊಡೆದೂ ಹೊಡೆದೂ ಒಳಗಿದ್ದದ್ದು ಆಗಲೇ ಕದಡಿತ್ತು. ಈ ದೇಶದವರ ಫುಟ್‌ಬಾಲು ಅಂದರೆ ಕೈಯಲ್ಲಿ ಆಡುವ ಕಾಲ್ಚೆಂಡು! ಚೆಂಡೂ ದುಂಡಗಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ. ಅದನ್ನು ಎದೆಗವಚಿಕೊಂಡು ಓಡಿ ಕೊನೆಯ ಗೆರೆ ದಾಟಿದರೆ ಗೋಲು. ಆಮೇಲೆ ಎರಡನೇ ಮಹಾಯುದ್ಧ ಬಂತು. ಟೀಮಿಗೆ ಟೀಮೇ ಹೋಗಿ ನೌಕಾಪಡೆ ಸೇರಿತಂತೆ. ಮಿಕ್ಕಿದ್ದ ಬುದ್ಧಿಯನ್ನು ಕಡಲು ಕುಲುಕಿತು.

ಹಡಗು ಬಿಟ್ಟು ಎಷ್ಟೋ ಕಾಲವಾದರೂ ಮನೆಯೆಂದರೆ ಅವನಿಗೆ ಹಡಗೇ. ಬೆಳಗಾದರೆ ಪೈಪು ಹಿಡಿದು ಅಂಗಳ ತೊಳೆಯುವನು. ತನ್ನದು ಮುಗಿದ ಮೇಲೆ ನಮ್ಮದು! ನಾನು ಹಾಕಿದ ರಂಗೋಲಿ ದಿನವೂ ಚರಂಡಿ ಸೇರುತ್ತಿತ್ತು.

"ಯಾಕಯ್ಯ, ಕಣ್ಣು ಕಾಣಕ್ಕಿಲ್ವ ನಿಂಗೆ?" ಎಂದೆ.

ಅವನು ನೆಟ್ಟಗೆ ನಿಂತು ಸೆಲ್ಯೂಟು ಹೊಡೆದ!

"ಅಮ್ಮ, ಬೈಬೇಡ. ನಿಂಗೆ ಕೈ ನಡುಗುತ್ತೆ, ದಿನಾ ಪೌಡರ್ ಚೆಲ್ಕೋತೀಯ ಅಂತ ಪಾಪ ಹೆಲ್ಪ್ ಮಾಡ್ತಿದಾರೆ," ಎಂದಳು ಮಗಳು.

ನನ್ನ ಕೈ ನಡುಗುತ್ತದಂತೆ! ಅವನಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು. ಜಗಳಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಮಗಳ ಕಂಪನಿ ಇನ್ನೂ ಏನನ್ನೂ ಮಾರಿರಲಿಲ್ಲ. ಆದರೂ ಶೇರು ಏರಿ ಹೊಸ ಕಾರು ಬಂತು. ಇಂಟರ್ನೆಟ್ಟು ಹೊಸದಾಗಿ ಬಂದಿದ್ದ ಕಾಲವೇ ಹಾಗಿತ್ತು! ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ನಿವಾಳಿಸಿ, ಒಡೆಯಲು ಕೈ ಎತ್ತಿದೆ. ಕಾರಿನ ಗಾಜೇ ಒಡೆಯುತ್ತಾಳೆ ಈ ಮುದುಕಿ ಎಂದುಕೊಂಡನೋ ಏನೋ, ಧಡಧಡ ಬಂದು ಕಾಯಿ ಕಿತ್ತು, ಎದೆಗವಚಿಕೊಂಡು, ಹುಲ್ಲು ದಾಟಿ ಓಡಿದ! ಎಂಬತ್ತರ ಮುದುಕ! ಬೇಲಿ ಮುಟ್ಟಿ, ಕಾಯಿಯನ್ನು ನೆಲಕ್ಕಪ್ಪಳಿಸಿ, ಎರಡೂ ಕೈ ಎತ್ತಿ ಕುಣಿದ. ಕಾಯಿ ಸರಿಯಾಗಿ ಎರಡು ಹೋಳು. ಪೂಜೆಯೇನೋ ಆಯಿತು, ಬೇಲಿಗೆ.

ಅವನ ಕಾರು ಅಂಚೆ ಡಬ್ಬಿಗೆ ಗುದ್ದಿದ ಮೇಲೆ, ಬೇರೆ ಊರಲ್ಲಿದ್ದ ಅವನ ಮಗಳು ಬಂದು ಕೀ ಕಿತ್ತುಕೊಂಡು ಹೋಗಿದ್ದಳು. ಒಂದು ಶನಿವಾರ ಮುದುಕ ಟೈ ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತ.

"ಕಾಲೇಜಲ್ಲಿ ಇವತ್ತು ಅವರ ಹಳೇ ಟೀಮಿಗೆ ಸನ್ಮಾನವಂತೆ ಅಮ್ಮ. ತಾನು ಹೋಗದಿದ್ರೆ ಟೀಮಿಂದ ಯಾರೂ ಬಂದಂಗಾಗಲ್ಲ ಅಂತಿದಾರೆ. ನಂಗೆ ನೋಡಿದ್ರೆ ಮೀಟಿಂಗು."

"ಮಾರಕ್ಕೇ ಏನೂ ಇಲ್ಲ ಅಂತೀಯ, ಮೀಟಿಂಗಲ್ಲಿ ಏನೇ ಮಾತಾಡ್ತೀರ? ತೆಗಿ ಕಾರು!"

ಮೈದಾನದಲ್ಲಿ ಟೀಮಿಗೆಂದು ಒಂದು ಸಾಲು ಕುರ್ಚಿ ಹಾಕಿದ್ದರು. ಬಂದವನು ಇವನೊಬ್ಬನೇ. ಖಾಲಿ ಏಕೆ ಬಿಡುವುದು ಎಂದು ಪಕ್ಕದಲ್ಲಿ ನಾನೂ ಮಗಳೂ ಕೂತೆವು. ಮೈಕಿನವನು ಒಂದು ಹೆಸರು ಕೂಗಿದ. ಇವನು ಎದ್ದು ನಿಂತು "ಹಿಯರ್!" ಎಂದ. ಮುಂದಿನ ಹೆಸರಿಗೂ ಎದ್ದ. ಅದರ ಮುಂದಿನದಕ್ಕೂ.

"ಎಷ್ಟು ಹೆಸರೇ ಇವನಿಗೆ?" ಎಂದೆ.

"ಅವೆಲ್ಲ ಬೇರೆಯವರ ಹೆಸರು ಅಮ್ಮ," ಮಗಳ ದನಿ ಸಣ್ಣಗಾಯಿತು. "ಸುಮಾರು ಜನ ಹಡಗಿನ ಜೊತೆ ಮುಳುಗಿಹೋದ್ರಂತೆ. ಉಳಿದೋರೂ ಈಗಿಲ್ಲ."

ಹೆಸರುಗಳು ಮುಗಿಯುವಂತಿರಲಿಲ್ಲ. ಏಳುವುದು, ಕೂರುವುದು, ಏಳುವುದು. ಕೊನೆಕೊನೆಗೆ ಮಂಡಿ ಕೈಕೊಟ್ಟಿತು. ಮೈಕಿನವನು ಯಾರದೋ ಹೆಸರು ಕರೆದು ಕಾಯುತ್ತಿದ್ದಾನೆ. ಇವನು ಕುರ್ಚಿಯ ತೋಳು ಹಿಡಿದು ಬಾಯಿ ತೆರೆಯುತ್ತಾನೆ, ಉಸಿರೇ ಹೊರಡದು.

ನಾನು ಸೆರಗು ಸಿಕ್ಕಿಸಿ ಎದ್ದು ನಿಂತೆ.

"ನಾನಿಲ್ಲೇ ಇವ್ನಿ ಕಣಪ್ಪೋ!" ಎಂದು ಕೂಗಿದೆ.